ಇಪ್ಪತ್ತೊಂದು ಬೈಟಿನ ಊರು



ಹೊಸ ಫೈಲ್ ಸಿಸ್ಟಂಗಳ ಜೊತೆ ಬ್ಯಾಕಪ್ ತಂತ್ರಾಂಶ ಹೊಂದುತ್ತದೆಯೇ ಎಂಬ ವಿಷಯಕ್ಕೆ ಮಹಾಗಾಂವದಲ್ಲಿ ಏಕೆ ವಿಚಾರ ಸಂಕಿರಣ ಎಂದು ಬೆಳಿಗ್ಗೆ ಚಹಾ ಕುಡಿಯುವಾಗ ಒಬ್ಬರು ಕೇಳಿದರು. ನಮ್ಮ ಸೀಮೆಯ ಹಗೇವಿನಿಂದಲೇ ಉತ್ತರ ಶುರು ಮಾಡುತ್ತೇನೆ. ನೆಲದೊಳಗೆ ಕುಣಿ ತೋಡಿ, ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ತೆರೆದ ದಿನ ಯಾರೂ ಗಡಬಡಿಸಿ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ತುಂಬುವಾಗಿನದಕ್ಕಿಂತ ತೆರೆಯುವಾಗ ಎಚ್ಚರ ಹೆಚ್ಚು. ಬ್ಯಾಕಪ್ ನೋಡಿಕೊಳ್ಳುವ ನಮ್ಮ ಕೆಲಸದಲ್ಲಿ ಇದು ತಿರುಗಾಮುರುಗಾ ಆಗಿದೆ. ತುಂಬಿದ್ದಕ್ಕೆ ಪ್ರತಿ ರಾತ್ರಿ ವರದಿ ಬರುತ್ತದೆ, ತೆರೆದು ನೋಡಿದ್ದಕ್ಕೆ ವರದಿ ಕೇಳುವವರೇ ಇಲ್ಲ.

ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯ ಸರ್ವರಿನ ಫೈಲ್ ಸಿಸ್ಟಂ ಅನ್ನು ಹಿಂದೊಮ್ಮೆ ಬಿಟಿಆರ್‌ಎಫ್‌ಎಸ್‌ಗೆ ಬದಲಿಸಿದೆವು. ಬ್ಯಾಕಪ್ ತಂತ್ರಾಂಶ ಹಳೆಯದೇ, ಅದರ ಸೆಟ್ಟಿಂಗ್ ಕೂಡ ಹಳೆಯದೇ: ಒಂದು ಫೈಲ್ ಸಿಸ್ಟಂ ಬಿಟ್ಟು ಇನ್ನೊಂದಕ್ಕೆ ದಾಟಬೇಡ. ತಿಂಗಳುಗಟ್ಟಲೆ ವರದಿಯಲ್ಲಿ ಒಂದು ದೋಷವೂ ಇರಲಿಲ್ಲ. ಡಿಸ್ಕ್ ಕೆಟ್ಟು ರಿಸ್ಟೋರ್ ಮಾಡಿದಾಗ ದಾಖಲೆಗಳ ಫೋಲ್ಡರ್ ಬಂತು, ಒಳಗೆ ಏನೂ ಇರಲಿಲ್ಲ. ಕಾರಣ ಸರಳ. ಬಿಟಿಆರ್‌ಎಫ್‌ಎಸ್‌ನ ಸಬ್‌ವಾಲ್ಯೂಮ್ ನಮ್ಮ ಕಣ್ಣಿಗೆ ಸಾದಾ ಫೋಲ್ಡರ್, ಆದರೆ ಅದಕ್ಕೆ ಬೇರೆಯೇ ಡಿವೈಸ್ ಸಂಖ್ಯೆ ಇರುತ್ತದೆ. ತಂತ್ರಾಂಶ ಅದನ್ನು ಬೇರೆ ಫೈಲ್ ಸಿಸ್ಟಂ ಎಂದು ತಿಳಿದು ಹೊಸ್ತಿಲಲ್ಲೇ ನಿಂತಿತ್ತು. ಹೇಳಿದ ಕೆಲಸವನ್ನು ಅದು ಚಾಚೂತಪ್ಪದೆ ಮಾಡಿತ್ತು. ಆ ಫೋಲ್ಡರ್ ತೆರೆದಾಗ ಪಕ್ಕದಲ್ಲಿ ನಿಂತಿದ್ದ ಗುಮಾಸ್ತರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಫೈಲ್ ಸಿಸ್ಟಂಗಳು ಬದಲಾಗುತ್ತಲೇ ಇರುತ್ತವೆ. ಮೈಕ್ರೋಸಾಫ್ಟ್ 2012ರಲ್ಲಿ ಆರ್‌ಇಎಫ್‌ಎಸ್ ತಂದಾಗ ಎನ್‌ಟಿಎಫ್‌ಎಸ್‌ನಲ್ಲಿದ್ದ ಹಾರ್ಡ್ ಲಿಂಕ್, ಕೋಟಾ, ಕಿರುಹೆಸರು ಅದರಲ್ಲಿ ಇರಲಿಲ್ಲ. 2014ರಲ್ಲಿ ಸೂಸೆ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲ ವಿಭಾಗಕ್ಕೆ ಬಿಟಿಆರ್‌ಎಫ್‌ಎಸ್ ಆರಿಸಿಕೊಂಡಿತು. ಅದೇ ವರ್ಷ ರೆಡ್ ಹ್ಯಾಟ್ ಎಕ್ಸ್‌ಎಫ್‌ಎಸ್ ಹಿಡಿಯಿತು, 2019ರ ಎಂಟನೇ ಆವೃತ್ತಿಯಲ್ಲಿ ಬಿಟಿಆರ್‌ಎಫ್‌ಎಸ್ ಅನ್ನು ತೆಗೆದೇ ಹಾಕಿತು. ಬಿಕ್ಯಾಶ್‌ಎಫ್‌ಎಸ್ 2024ರಲ್ಲಿ ಲಿನಕ್ಸ್ ಕರ್ನೆಲ್ ಒಳಗೆ ಬಂದು 2025ರಲ್ಲಿ ಹೊರಗೆ ಹೋಯಿತು. ಆಪಲ್ 2017ರಲ್ಲಿ ಮ್ಯಾಕ್‌ಗೆ ಎಪಿಎಫ್‌ಎಸ್ ಕೊಟ್ಟಿತು, ಆದರೆ ಅದರದೇ ಟೈಮ್ ಮೆಷಿನ್ ಎಪಿಎಫ್‌ಎಸ್ ಡಿಸ್ಕಿನ ಮೇಲೆ ಬ್ಯಾಕಪ್ ಇಡಲು 2020 ಬರಬೇಕಾಯಿತು. ಎರಡನ್ನೂ ಒಂದೇ ಕಂಪನಿ ಮಾಡಿಯೂ ಮೂರು ವರ್ಷ ಹಿಡಿಯಿತು ಎಂದಮೇಲೆ, ಬೇರೆ ಬೇರೆ ಕಡೆಯಿಂದ ಸರಕು ಕೊಳ್ಳುವ ನಾವು ಎಷ್ಟು ಹುಷಾರಾಗಿರಬೇಕು ನೋಡಿ.

ಇದು ಲೋಕಕ್ಕೆಲ್ಲ ಇರುವ ಪಾಡು. ನಮಗೆ ಮಾತ್ರ ಇರುವ ತೊಡಕು ಕನ್ನಡದ ಹೆಸರುಗಳದ್ದು, ಇಂದು ಇಲ್ಲಿಗೆ ನಾನು ಬಂದದ್ದೇ ಅದಕ್ಕಾಗಿ.

ಮಹಾಗಾಂವ ಎಂದು ಬರೆಯಿರಿ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 21. ಕಮಲಾಪುರವೂ 21, ಕಲಬುರಗಿಯೂ 21. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರರಲ್ಲೂ ಫೈಲಿನ ಹೆಸರಿಗೆ ಮಿತಿ 255 ಬೈಟ್. ಅಂದರೆ ಇಂಗ್ಲಿಷಿಗೆ 255 ಅಕ್ಷರ, ಕನ್ನಡಕ್ಕೆ 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಲೆಕ್ಕ ಬೇರೆ, ಅಲ್ಲಿ ಕನ್ನಡಕ್ಕೂ 255 ಸಂಕೇತ ಸಿಗುತ್ತದೆ. ನಮ್ಮ ಕಚೇರಿಗಳಲ್ಲಿ ಫೈಲಿಗೆ ಹೆಸರಿಡುವ ರೀತಿ ನಿಮಗೆ ಗೊತ್ತೇ ಇದೆ. ‘ಕಲಬುರಗಿ ಜಿಲ್ಲೆ ಕಮಲಾಪುರ ತಾಲ್ಲೂಕು ಮಹಾಗಾಂವ ಹೋಬಳಿ’ ಎನ್ನುವಷ್ಟರಲ್ಲಿ 125 ಬೈಟ್ ಮುಗಿದಿರುತ್ತದೆ. ಸರ್ವೆ ನಂಬರು, ಪೋಡಿ, ಆದೇಶದ ದಿನಾಂಕ ಎಲ್ಲ ಇನ್ನು ಬರಬೇಕು. ವಿಂಡೋಸ್‌ನಲ್ಲಿ ಆರಾಮಾಗಿದ್ದ ಆ ಫೈಲು ಲಿನಕ್ಸ್ ಸಂಗ್ರಹಕ್ಕೆ ಇಳಿಯುವಾಗ ಹೆಸರು ಉದ್ದವಾಯಿತೆಂಬ ದೋಷ ಕೊಟ್ಟು ಹೊರಗೇ ಉಳಿಯಬಹುದು. 2025ರ ಓಪನ್‌ಝಡ್‌ಎಫ್‌ಎಸ್ 2.3 ಈ ಮಿತಿಯನ್ನು 1023 ಬೈಟಿಗೆ ಏರಿಸಿದೆ. ನನಗೆ ಬಹಳ ಖುಷಿಯಾಯಿತು. ಆದರೆ 255ಕ್ಕೇ ಜಾಗ ಕಾದಿಟ್ಟಿರುವ ಬ್ಯಾಕಪ್ ತಂತ್ರಾಂಶ ಆ ಉದ್ದದ ಹೆಸರನ್ನು ಓದಬೇಕಲ್ಲ?

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ‘ಕೋರ್ಟ್’ ಎಂಬುದರ ಓತ್ವವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಸಿ ಮೂರಾಗಿ. ಮೊದಲನೆಯದು 3 ಬೈಟ್, ಎರಡನೆಯದು 9. ಪರದೆಯ ಮೇಲೆ ಎರಡೂ ಒಂದೇ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಇಎಕ್ಸ್‌ಟಿ4 ಸಾಮಾನ್ಯವಾಗಿ ಬಂದ ಬೈಟುಗಳನ್ನು ಬಂದಂತೆಯೇ ಇಡುತ್ತದೆ, ಹಾಗಾಗಿ ಅಲ್ಲಿ ‘ಕೋರ್ಟ್ ಆದೇಶ’ ಹೆಸರಿನ ಎರಡು ಫೈಲು ಅಕ್ಕಪಕ್ಕ ಬದುಕಬಲ್ಲವು. ಎಪಿಎಫ್‌ಎಸ್ ಇವೆರಡನ್ನೂ ಒಂದೇ ಹೆಸರೆಂದು ಪರಿಗಣಿಸುತ್ತದೆ. ಅಲ್ಲಿಗೆ ರಿಸ್ಟೋರ್ ಮಾಡಿದರೆ ಒಂದರ ಮೇಲೊಂದು ಬಿದ್ದು, ಉಳಿಯುವುದು ಒಂದೇ ಆದೇಶ.

ಇಂಥ ಫೈಲುಗಳಲ್ಲಿ ಇರುವುದು ಜನರ ಜಮೀನಿನ ದಾಖಲೆ. ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ನಮ್ಮ ಭಾಗದಲ್ಲಂತೂ ನಿಜಾಮರ ಕಾಲದ ಉರ್ದು ಕಾಗದಗಳಿವೆ, ಮುಟ್ಟಿದರೆ ಅಂಚು ಉದುರುತ್ತದೆ. ಕಾಗದ ಪುಡಿಯಾದ ಮೇಲೆ ಆ ಹೊಲದ ಕಥೆ ಹೇಳಲು ಉಳಿಯುವುದು ಡಿಸ್ಕು, ಅದರ ಬ್ಯಾಕಪ್ಪು. ತೊಗರಿ ಬೆಳೆಯುವ ನಾಲ್ಕೆಕರೆಯ ಒಡೆಯನಿಗೆ ಫೈಲ್ ಸಿಸ್ಟಂ ಎಂದರೇನೆಂದು ತಿಳಿಯಬೇಕಾಗಿಲ್ಲ. ನಮಗೆ ತಿಳಿದಿರಬೇಕು.

ಹಾಗಾಗಿ ಬ್ಯಾಕಪ್ ತಂತ್ರಾಂಶದ ಹೊಂದಾಣಿಕೆಯ ಪಟ್ಟಿಯಲ್ಲಿ ‘ಬೆಂಬಲವಿದೆ’ ಎಂಬ ಒಂದೇ ಪದ ಕಂಡರೆ ಅಲ್ಲಿಗೇ ಬಿಡಬೇಡಿ. ಬರೀ ಫೈಲುಗಳನ್ನು ಓದುತ್ತದೆಯೋ, ಸಬ್‌ವಾಲ್ಯೂಮ್, ಸ್ನ್ಯಾಪ್‌ಶಾಟ್, ಅನುಮತಿಗಳ ಸಮೇತ ವಾಪಸೂ ಕೊಡುತ್ತದೆಯೋ ಎಂದು ಕೇಳಿ. ಟೆಂಡರಿನಲ್ಲಿ ರಿಸ್ಟೋರ್ ಪರೀಕ್ಷೆಯನ್ನು ಕಡ್ಡಾಯ ಮಾಡಿಸಿ, ಅದೂ ಕನ್ನಡ ಹೆಸರಿನ ಫೈಲುಗಳ ಮೇಲೆ.

ಅಂಥದೊಂದು ಫೋಲ್ಡರನ್ನು ನಾನು ಪೆನ್ ಡ್ರೈವಿನಲ್ಲಿ ತಂದಿದ್ದೇನೆ. ಅದರಲ್ಲಿ 85 ಸಂಕೇತದ ಹೆಸರಿದೆ, 86ರದೂ ಇದೆ. ಎರಡು ಬಗೆಯ ‘ಕೋರ್ಟ್ ಆದೇಶ’ ಇವೆ. ಸಬ್‌ವಾಲ್ಯೂಮನ್ನು ಇಲ್ಲಿನ ಯಂತ್ರದಲ್ಲೇ ಕಟ್ಟೋಣ. ಊಟದ ನಂತರ ನೀವು ದಿನವೂ ಬಳಸುವ ತಂತ್ರಾಂಶದಿಂದ ಇವನ್ನು ಬ್ಯಾಕಪ್ ಮಾಡಿ, ಬೇರೆ ಫೈಲ್ ಸಿಸ್ಟಂ ಮೇಲೆ ಇಳಿಸಿ, ಎಷ್ಟು ವಾಪಸು ಬಂದವು ಎಂದು ಹಲಗೆಯ ಮೇಲೆ ಬರೆಯಿರಿ. ಕಡಿಮೆ ಬಂದವರು ಮೊದಲು ಮಾತಾಡಲಿ.