ಹಳೆಯ ಅಂಗಿಯ ಲೆಕ್ಕ

(ಗಿರಣಿ ಕಾರ್ಮಿಕರು ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಎತ್ತು ಕೊಳ್ಳುವವನು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಮಡಕೆ ಕೊಳ್ಳುವ ಹೆಂಗಸು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾಳೆ. ಆದರೆ ಅಂಗಿ ಕೊಳ್ಳಲು ಹೋದಾಗ ನಮ್ಮಲ್ಲಿ ಅನೇಕರು ಬಣ್ಣ ನೋಡಿ, ಬೆಲೆ ಕೇಳಿ, ದುಡ್ಡು ಎಣಿಸಿಬಿಡುತ್ತೇವೆ. ಅಗ್ಗವೆಂದರೇನು ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಇಂದು ಆ ಪ್ರಶ್ನೆಯನ್ನು ಕೇಳೋಣ. ಅದಕ್ಕಾಗಿ ಇಂಗ್ಲೆಂಡಿನ ಒಂದು ಬಗೆಯ ಅಂಗಡಿಯ ವಿಚಾರವನ್ನು ನಿಮ್ಮ ಮುಂದಿಡುತ್ತೇವೆ.

ಅಲ್ಲಿ ಅದಕ್ಕೆ ಚ್ಯಾರಿಟಿ ಶಾಪ್ ಎನ್ನುತ್ತಾರೆ. ನಾವು ಧರ್ಮದಂಗಡಿ ಎನ್ನೋಣ. ಜನರು ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕ, ಕುರ್ಚಿ ಮೇಜುಗಳನ್ನು ತಂದು ಪುಕ್ಕಟೆಯಾಗಿ ಕೊಡುತ್ತಾರೆ. ಅಂಗಡಿಯವರು ಅದನ್ನು ವಿಂಗಡಿಸಿ, ಬೆಲೆ ಕಟ್ಟಿ ಮಾರುತ್ತಾರೆ. ಬಂದ ಲಾಭ ರೋಗಿಗಳಿಗೋ, ಬರಗಾಲದ ಜನರಿಗೋ, ಅನಾಥ ಪ್ರಾಣಿಗಳಿಗೋ ಹೋಗುತ್ತದೆ.

ಇವುಗಳಲ್ಲಿ ಹೆಸರಾದ ಆಕ್ಸ್‌ಫ್ಯಾಮ್ ಸಂಸ್ಥೆ ಹುಟ್ಟಿದ್ದು 1942ರಲ್ಲಿ, ಮಹಾಯುದ್ಧದ ನಡುವೆ. ಆಗ ಜರ್ಮನರು ಆಕ್ರಮಿಸಿದ್ದ ಗ್ರೀಸ್ ದೇಶದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಬ್ರಿಟನ್ನಿನ ದಿಗ್ಬಂಧನವೂ ಆ ಹಸಿವಿಗೆ ಒಂದು ಕಾರಣವಾಗಿತ್ತು. ಆಕ್ಸ್‌ಫರ್ಡ್ ಪಟ್ಟಣದ ಕೆಲವರು ಕೂಡಿ ಸಮಿತಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಬಟ್ಟೆ, ಕಂಬಳಿ ಕೊಡಿರೆಂದು ಕೇಳಿದಾಗ ಬೇಕಾದುದಕ್ಕಿಂತ ಹೆಚ್ಚು ಸಾಮಾನು ಬಂದು ಬಿದ್ದಿತು. ಹೀಗೆ 1947ರ ಕೊನೆಯಲ್ಲಿ ಬ್ರಾಡ್ ಸ್ಟ್ರೀಟಿನ 17ನೆಯ ನಂಬರಿನಲ್ಲಿ ಅಂಗಡಿ ತೆರೆಯಿತು. ಈಗ ಬ್ರಿಟನ್ನಿನಲ್ಲಿ ನಾನಾ ಸಂಸ್ಥೆಗಳ ಇಂಥ ಅಂಗಡಿಗಳು ಹತ್ತು ಸಾವಿರಕ್ಕೂ ಹೆಚ್ಚಿವೆ.

ಅಲ್ಲಿ ಒಳ್ಳೆಯ ಮಾಲು ಅಗ್ಗಕ್ಕೆ ಸಿಗುವುದು ಹೇಗೆ? ಇದರಲ್ಲಿ ಮಾಯೆ ಏನೂ ಇಲ್ಲ. ಮಾಲಿಗೆ ಅಸಲು ಕೊಡಬೇಕಾಗಿಲ್ಲ. ಗಲ್ಲೆಯ ಹಿಂದೆ ನಿಂತವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ದಾನವಾಗಿ ಬಂದ ಮಾಲಿನ ಮಾರಾಟಕ್ಕೆ ತೆರಿಗೆಯ ದರ ಸೊನ್ನೆ. ಕಟ್ಟಡದ ಮೇಲಿನ ವ್ಯಾಪಾರದ ಕಂದಾಯದಲ್ಲಿ ನೂರಕ್ಕೆ 80 ಭಾಗವನ್ನು ಕಾನೂನೇ ಬಿಟ್ಟುಕೊಟ್ಟಿದೆ. ಚಿಲ್ಲರೆ ವರ್ತಕ ಬಂಧುಗಳು ಇದನ್ನು ಗಮನಿಸಬೇಕು. ಅದೇ ಬೀದಿಯಲ್ಲಿ ಹಳೆಯ ಪುಸ್ತಕ ಮಾರಿ ಹೊಟ್ಟೆ ಹೊರೆಯುವ ಸಣ್ಣ ವರ್ತಕನು ಮಾಲಿಗೂ ಕೂಲಿಗೂ ದುಡ್ಡು ಕೊಟ್ಟು ಇವರ ಎದುರು ನಿಲ್ಲಬೇಕಾಗುತ್ತದೆ. ಅವನು ಗೊಣಗಿದರೆ ತಪ್ಪೆನ್ನಲಾಗದು. ಧರ್ಮದ ಖರ್ಚು ಒಮ್ಮೊಮ್ಮೆ ಬಡವನ ಗಲ್ಲೆಯಿಂದಲೂ ಹೋಗುತ್ತದೆ.

ಇನ್ನು ಮಾಲನ್ನು ಆರಿಸುವ ಬಗೆ. ಈ ಅಂಗಡಿಗಳಿಗೆ ಪಳಗಿದವರು ಮೊದಲು ಬೀದಿಯನ್ನು ಆರಿಸುತ್ತಾರೆ. ಶ್ರೀಮಂತರು ವಾಸಿಸುವ ಬಡಾವಣೆಯ ಅಂಗಡಿಗೆ ಶ್ರೀಮಂತರ ಅಂಗಿಯೇ ಬರುತ್ತದೆ. ಮನೆ ತೊಳೆದು ಕಪಾಟು ಬರಿದುಮಾಡುವ ವಸಂತಕಾಲದಲ್ಲಿಯೂ, ಕ್ರಿಸ್‌ಮಸ್ ಉಡುಗೊರೆಗಳು ಹಂಚಿಹೋದ ಜನವರಿಯಲ್ಲಿಯೂ ಮಾಲು ಹೆಚ್ಚು. ಒಂದು ದಿನ ಹೋಗಿ ಏನೂ ಸಿಗಲಿಲ್ಲವೆಂದರೆ ನಡೆಯದು. ಆಗಾಗ್ಗೆ ಹೋಗಬೇಕು, ಬರಿಗೈಯಲ್ಲಿ ಬರಲು ನಾಚಬಾರದು.

ಬಟ್ಟೆಯನ್ನು ಮೊದಲು ಒಳಮೈ ತಿರುಗಿಸಿ ನೋಡಬೇಕು. ಹೊರಮೈ ಗಿರಾಕಿಗಾಗಿ, ಒಳಮೈ ಸತ್ಯಕ್ಕಾಗಿ. ಹೊಲಿಗೆ ಒತ್ತಾಗಿದೆಯೆ, ಅಂಚಿನಲ್ಲಿ ಬಿಚ್ಚಿ ಹಿಗ್ಗಿಸಲು ಬಟ್ಟೆ ಬಿಟ್ಟಿದ್ದಾರೆಯೆ ನೋಡಿರಿ. ಬೆಳಕಿಗೆ ಹಿಡಿದರೆ ಮೊಣಕೈ, ಕಂಕುಳು, ತೊಡೆಯ ಸಂದಿನಲ್ಲಿ ನೂಲು ತೆಳುವಾದದ್ದು ಕಾಣುತ್ತದೆ. ಉಣ್ಣೆಯಲ್ಲಿ ಹುಳು ತಿಂದ ತೂತುಗಳಿವೆಯೆ, ಜಿಪ್ಪು ಸರಾಗವಾಗಿ ಹರಿಯುತ್ತದೆಯೆ, ಗುಂಡಿ ಎಲ್ಲ ಇವೆಯೆ ನೋಡಿರಿ. ಗುಂಡಿ ಹೋಗಿದ್ದರೆ ಹಾಕಿಕೊಳ್ಳಬಹುದು. ಬೂಷ್ಟು ಹಿಡಿದ ಕಲೆ ಸುಲಭವಾಗಿ ಹೋಗದು. ಪಿಂಗಾಣಿಯನ್ನು ಬೆರಳಿನಿಂದ ಮೀಟಿದರೆ ನಾದ ಬರಬೇಕು. ಮಂಕು ಸದ್ದು ಬಂದರೆ ಬಿರುಕಿದೆ ಎಂದರ್ಥ. ಮೇಜಿನ ಸೆಳೆಖಾನೆಯನ್ನು ಹೊರಗೆಳೆದು ನೋಡಿರಿ. ಮೊಳೆ ಹೊಡೆಯದೆ ಹಲ್ಲಿಗೆ ಹಲ್ಲು ಕೂಡಿಸಿದ ಮೂಲೆಯಿದ್ದರೆ ಅದು ಬಡಗಿಯ ಕೆಲಸ. ಮಕ್ಕಳ ತಲೆಗೆ ಹಾಕುವ ಹೆಲ್ಮೆಟ್ಟನ್ನು ಮಾತ್ರ ಹಳೆಯದು ಕೊಳ್ಳಬಾರದು; ಒಳಗಿನ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ.

ಜಾಣರು ಅಲ್ಲಿ ಹುಡುಕುವ ಒಂದು ಗುರುತೆಂದರೆ ಸೇಂಟ್ ಮೈಕೇಲ್ ಎಂಬ ಪಟ್ಟಿ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯವರು 1928ರಲ್ಲಿ ಆರಂಭಿಸಿ 2000ದಲ್ಲಿ ಕೈಬಿಟ್ಟ ಮುದ್ರೆ ಅದು. ಹಾಗಾಗಿ ಆ ಪಟ್ಟಿಯ ಅಂಗಿಗೆ ಇಪ್ಪತ್ತು ವರ್ಷ ದಾಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಅಷ್ಟು ವರ್ಷ ತೊಳೆದ ಮೇಲೂ ಹಾಸು ಹೊಕ್ಕು ಗಟ್ಟಿಯಾಗಿದ್ದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ? ನೇಯ್ದವನ ಹೆಸರು ಪಟ್ಟಿಯ ಮೇಲಿಲ್ಲ. ಆದರೆ ಬಾಳಿಕೆ ಅವನ ಸಹಿ.

ಪುಸ್ತಕದ ಕಪಾಟಿನಲ್ಲಿ ನೀಲಿ ಹೊದಿಕೆಯ ಹಳೆಯ ಪೆಲಿಕನ್ ಪುಸ್ತಕಗಳು ಸಿಗುತ್ತವೆ. ಕಾರ್ಮಿಕನ ಕೈಗೂ ಜ್ಞಾನ ಎಟುಕಲೆಂದು 1937ರಲ್ಲಿ ಆರು ಪೆನ್ನಿಗೊಂದರಂತೆ ಮಾರಲು ತೊಡಗಿದ ಮಾಲೆ ಅದು. ಅದರ ಮೊದಲ ಸಂಪಾದಕರಲ್ಲಿ ನಮ್ಮ ವಿ. ಕೆ. ಕೃಷ್ಣ ಮೆನನ್ ಒಬ್ಬರು. ಮೊದಲ ಪುಸ್ತಕ, ಸಮಾಜವಾದವನ್ನು ಸ್ತ್ರೀಯರಿಗೆ ತಿಳಿಹೇಳಲು ಬರ್ನಾರ್ಡ್ ಷಾ ಬರೆದದ್ದು. ಅಗ್ಗದ ವಸ್ತು ಹಾಗಿರಬೇಕು.

ಆದರೆ ಎಲ್ಲ ಅಗ್ಗವೂ ಹಾಗಿಲ್ಲ. ಇಂದು ಇಂಗ್ಲೆಂಡಿನಲ್ಲಿ ಧರ್ಮದಂಗಡಿಯ ಹಳೆಯ ಅಂಗಿಗಿಂತ ಪಕ್ಕದ ದೊಡ್ಡ ಮಳಿಗೆಯ ಹೊಸ ಅಂಗಿಯೇ ಕಡಮೆ ಬೆಲೆಗೆ ಸಿಗುವುದುಂಟು. ಹಳೆಯದಕ್ಕಿಂತ ಹೊಸದು ಅಗ್ಗವಾದುದು ಹೇಗೆ? ಉತ್ತರ ಢಾಕಾ ನಗರದ ಬಳಿ ಇದೆ. 2013ರ ಏಪ್ರಿಲ್ 24ರಂದು ಅಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು ಬಿದ್ದಿತು. ಹಿಂದಿನ ದಿನವೇ ಗೋಡೆ ಬಿರಿದಿತ್ತು. ಆದರೂ ಹೊಲಿಗೆಯ ಕೆಲಸಗಾರರನ್ನು ಒಳಕ್ಕೆ ಕಳಿಸಿದರು. 1,134 ಜನ ಸತ್ತರು. ಅವರು ಹೊಲಿಯುತ್ತಿದ್ದುದು ಯೂರೋಪು, ಅಮೆರಿಕೆಗಳಿಗೆ ಹೋಗುವ ಅಗ್ಗದ ಉಡುಪು. ನಾಲ್ಕು ಸಲ ತೊಟ್ಟು ಎಸೆಯುವ ಅಂಗಿಯ ಬೆಲೆಚೀಟಿಯಲ್ಲಿ ಈ ಲೆಕ್ಕ ಬರೆದಿರುವುದಿಲ್ಲ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ಧರ್ಮದಂಗಡಿಯಲ್ಲಿ ಖರ್ಚಾಗದೆ ಉಳಿದ ಬಟ್ಟೆಯನ್ನು ಚಿಂದಿ ವ್ಯಾಪಾರಿಗಳಿಗೆ ತೂಕದ ಮೇಲೆ ಮಾರುತ್ತಾರೆ. ಮೂಟೆಗಳು ಹಡಗು ಹತ್ತುತ್ತವೆ. ಕೆಲವು ಆಫ್ರಿಕದ ಘಾನಾ ದೇಶದ ಕಂಟಮಾಂಟೊ ಮಾರುಕಟ್ಟೆಗೆ ಹೋಗುತ್ತವೆ. ಅಲ್ಲಿ ಆ ಬಟ್ಟೆಗೆ "ಸತ್ತ ಬಿಳಿಯನ ಬಟ್ಟೆ" ಎಂದೇ ಹೆಸರು. ಬದುಕಿದ್ದವನು ಇಷ್ಟೊಂದು ಬಿಟ್ಟುಕೊಡಲಾರನೆಂದು ಜನ ಭಾವಿಸಿದರು. 2025ರ ಜನವರಿ ಮೊದಲಲ್ಲಿ ಆ ಮಾರುಕಟ್ಟೆಗೆ ಬೆಂಕಿ ಬಿದ್ದು ಸಾವಿರಾರು ಸಣ್ಣ ವರ್ತಕರು ಬೀದಿಗೆ ಬಂದರು.

ಇನ್ನು ಕೆಲವು ಮೂಟೆಗಳು ನಮ್ಮ ಪಾಣಿಪತ್ತಿಗೆ ಬರುತ್ತವೆ. ಹಾಗೆಯೇ ತೊಡಲು ಮಾರದಂತೆ ಮೊದಲೇ ಕತ್ತರಿಸಿ ಚಿಂದಿಮಾಡಿ ತರುತ್ತಾರೆ. ಗುಂಡಿ, ಜಿಪ್ಪು ಕಿತ್ತು, ಬಣ್ಣಬಣ್ಣ ಬೇರೆಮಾಡಿ, ಯಂತ್ರಕ್ಕೆ ಹಾಕಿ ಹಿಂಜಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಈ ವಿದ್ಯೆಯನ್ನು ಇಂಗ್ಲೆಂಡಿನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ 1813ರ ಸುಮಾರಿಗೆ ಕಂಡುಹಿಡಿದನು. ಪಾಣಿಪತ್ತಿನ ಅಂಥ ಕಂಬಳಿಗಳು ಪ್ರವಾಹ, ಭೂಕಂಪಗಳಾದಲ್ಲಿಗೆ ಪರಿಹಾರವಾಗಿ ಹೋಗಿವೆ. ಅಂದರೆ ಒಬ್ಬನು ಧರ್ಮವೆಂದು ಕೊಟ್ಟ ಕೋಟು, ಕೂಲಿಯವಳ ಕೈಯಲ್ಲಿ ಚಿಂದಿಯಾಗಿ, ಕಂಬಳಿಯಾಗಿ, ಮತ್ತೆ ಧರ್ಮವೆಂದು ಇನ್ನೊಬ್ಬನ ಹೆಗಲೇರುತ್ತದೆ. ಧೂಳು ಮಾತ್ರ ಆ ಕೂಲಿಯವಳ ಎದೆಯೊಳಗೆ ಉಳಿಯುತ್ತದೆ.

ಮಿತ್ರರೆ, ಹಳೆಯದನ್ನು ಕೊಳ್ಳುವುದು ಅವಮಾನವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಹಳೆಯ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುವ ನಮ್ಮ ತಾಯಂದಿರಿಗೆ ಹಳೆಯದರ ಬೆಲೆ ಗೊತ್ತು. ಆ ಸೀರೆಗಳೂ ಗುಜರಿ ಬೀದಿಯಲ್ಲಿ ಮತ್ತೊಬ್ಬರ ಮೈ ಮುಚ್ಚುತ್ತವೆ. ಇದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ನಾಚಿಕೆಯ ಸಂಗತಿ ಬೇರೆ: ಬಟ್ಟೆ ನೇಯುವವನ ಕೂಲಿ ಹೊಸ ಬಟ್ಟೆಗೆ ಸಾಲದಿರುವುದು.

ಆದ್ದರಿಂದ ಅಗ್ಗವನ್ನು ಅಳೆಯಲು ನಾವು ಎರಡು ಮಾತು ಹೇಳುತ್ತೇವೆ. ಕೊಟ್ಟ ಬೆಲೆಯನ್ನು ಆ ವಸ್ತು ಬಾಳುವ ದಿನಗಳಿಂದ ಭಾಗಿಸಿರಿ. ನೂರು ರೂಪಾಯಿಯ ಅಂಗಿ ಎರಡು ತಿಂಗಳು ಬಾಳಿ, ಮುನ್ನೂರರ ಅಂಗಿ ಎರಡು ವರ್ಷ ಬಾಳಿದರೆ ಅಗ್ಗ ಯಾವುದೆಂದು ಮಕ್ಕಳೂ ಹೇಳಿಯಾರು. ಎರಡನೆಯದಾಗಿ, ಉಳಿದ ಬೆಲೆಯನ್ನು ಯಾರು ತೆತ್ತರೆಂದು ಕೇಳಿರಿ. ಕೊಟ್ಟವನ ಔದಾರ್ಯ ತೆತ್ತಿದ್ದರೆ ಸಂತೋಷದಿಂದ ಕೊಳ್ಳೋಣ. ಹೊಲಿದವಳ ಹೊಟ್ಟೆ ತೆತ್ತಿದ್ದರೆ ಅದು ಅಗ್ಗವಲ್ಲ. ನಮ್ಮಂಥವರೇ ಕೊಟ್ಟ ಸಾಲ. ಒಂದಲ್ಲ ಒಂದು ದಿನ ಅದು ನಮ್ಮ ಕೂಲಿಯ ಮೇಲೂ, ನಮ್ಮ ಗಲ್ಲೆಯ ಮೇಲೂ ಬಂದು ಕೂರುತ್ತದೆ.