ಮದ್ದು ನಡೆದ ದಾರಿ



ನಮ್ಮ ಮಾತಿನಲ್ಲಿ ಮದ್ದು ಅಂದರೆ ಎರಡು ಅರ್ಥ. ಕೆಮ್ಮಿಗೆ ಕುಡಿಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಚೀನಾದವರದೂ ಇದೇ ಕಥೆ. ಕೋವಿಮದ್ದಿಗೆ ಅವರ ಹೆಸರು 'ಬೆಂಕಿ ಔಷಧಿ'.

ಇದು ಸಾವಿರ ವರ್ಷಕ್ಕೂ ಹಿಂದಿನ ಮಾತು. ಚೀನಾದಲ್ಲಿ ಕೆಲವರು ಸಾವೇ ಬಾರದ ಔಷಧಿ ಹುಡುಕುತ್ತಿದ್ದರು. ಸಿಕ್ಕಿದ್ದನ್ನೆಲ್ಲ ಅರೆದರು, ಬೆರೆಸಿದರು, ಕಾಯಿಸಿದರು. ಗಂಧಕ, ಪೆಟ್ಲುಪ್ಪು, ಜೇನುತುಪ್ಪ ಸೇರಿಸಿ ಕಾಯಿಸಿದಾಗ ಭಗ್ಗಂತ ಉರಿ ಎದ್ದಿತು. ಕೈ ಮುಖ ಸುಟ್ಟವು. ಮನೆಯೂ ಸುಟ್ಟಿತು. ಅವರದೇ ಹಳೆಯ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಹೀಗೆ ಬೆರೆಸಬೇಡಿ ಅಂತ ಎಚ್ಚರಿಕೆಗೆ ಬರೆದದ್ದು. ಆದರೆ 1044ರಲ್ಲಿ ಬಂದ ಸೈನ್ಯದ ಪುಸ್ತಕದಲ್ಲಿ ಬೆರೆಸುವ ವಿಧಾನವೇ ಇತ್ತು!

ಮದ್ದಿನಲ್ಲಿ ಇರುವುದು ಮೂರೇ ವಸ್ತು. ಇದ್ದಿಲು, ಗಂಧಕ, ಪೆಟ್ಲುಪ್ಪು. ಕೆಂಡದ ಮೇಲೆ ಪಾತ್ರೆ ಮುಚ್ಚಿದರೆ ಗಾಳಿ ಇಲ್ಲದೆ ಕೆಂಡ ಆರುತ್ತದೆ, ಅಲ್ವಾ? ಮದ್ದು ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಪೆಟ್ಲುಪ್ಪಿನ ಒಳಗೇ ಇದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮದ್ದು ಉರಿದು ಬಿಸಿ ಹೊಗೆ ಆಗುತ್ತದೆ. ಹೊಗೆಗೆ ಜಾಗ ಸಾಲದು. ಸಿಡಿಯುತ್ತದೆ. ಪಟಾಕಿ ಮದ್ದೂ ಇದೇ ಜಾತಿಯದು. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹತ್ತಿರದ ಅತ್ತಿಬೆಲೆಯಲ್ಲಿ ಪಟಾಕಿ ಅಂಗಡಿಗೆ ಬೆಂಕಿ ಬಿತ್ತು. ಕನಿಷ್ಠ 14 ಜನ ಸತ್ತರು. ದೀಪಾವಳಿ ಇನ್ನೂ ಬಂದಿರಲಿಲ್ಲ.

ಆಗೆಲ್ಲ ಪೆಟ್ಲುಪ್ಪು ಎಲ್ಲಿಂದ ಬರುತ್ತಿತ್ತು ಗೊತ್ತಾ? ದನದ ಗಂಜಲ ಇಳಿದ ಹಳೇ ಮಣ್ಣಿನಿಂದ. ಆ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿ ಉಪ್ಪು ತೆಗೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ರಾಜನ ಆಳುಗಳು ಕೊಟ್ಟಿಗೆ, ಮನೆಗಳಿಗೆ ನುಗ್ಗಿ ನೆಲ ಅಗೆಯುತ್ತಿದ್ದರು. 1620ರ ದಶಕದಲ್ಲಿ ಅಲ್ಲಿನ ರಾಜ, ಜನರೆಲ್ಲ ತಮ್ಮ ಮೂತ್ರ ಕೂಡಿಡಬೇಕು ಅಂತ ಆಜ್ಞೆ ಮಾಡಿದ. ನಗಬೇಡಿ, ನಿಜ. ಆಮೇಲೆ ನಮ್ಮ ದೇಶದ ಬಿಹಾರದಿಂದ ಹಡಗುಗಟ್ಟಲೆ ಪೆಟ್ಲುಪ್ಪು ಅಲ್ಲಿಗೆ ಹೋಯಿತು. ಮಣ್ಣು ಕೆರೆದವರು ಬಡವರು, ಲಾಭ ಕಂಪನಿಯವರದು.

ಚೀನಾದಿಂದ ಮದ್ದು ಹೊರಗೆ ಹೋಗಿದ್ದು ವ್ಯಾಪಾರಿಗಳ ಜೊತೆ, ಮಂಗೋಲರ ದಂಡಿನ ಜೊತೆ. ಅರಬರು ಪೆಟ್ಲುಪ್ಪನ್ನು 'ಚೀನಾದ ಹಿಮ' ಅಂದರು, ಇರಾನಿನವರು 'ಚೀನಾದ ಉಪ್ಪು' ಅಂದರು. ಹೆಸರೇ ಊರು ಹೇಳುತ್ತದೆ. 1267ರ ಹೊತ್ತಿಗೆ ಇಂಗ್ಲೆಂಡಿನ ರೋಜರ್ ಬೇಕನ್ ಎಂಬ ಪಂಡಿತ ಸಿಡಿಯುವ ಪುಡಿಯ ವಿಷಯ ಬರೆದ. 1326ರಲ್ಲಿ ಅಲ್ಲಿನ ಪುಸ್ತಕದಲ್ಲಿ ಫಿರಂಗಿಯ ಚಿತ್ರ ಬಂತು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಕೋಟೆಯನ್ನು ದೊಡ್ಡ ಫಿರಂಗಿಗಳಿಂದ ಒಡೆದರು. 1526ರಲ್ಲಿ ಬಾಬರ್ ಪಾಣಿಪತ್ತಿನಲ್ಲಿ ಫಿರಂಗಿ ಹಾರಿಸಿದ.

ನಮ್ಮ ಮೈಸೂರಿನವರದು ಬೇರೆ ಜಾಣತನ. ಹೈದರಾಲಿ, ಟಿಪ್ಪು ಕಾಲದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರು ಕಟ್ಟಿ ಹಾರಿಸುತ್ತಿದ್ದರು. ಅದೇ ರಾಕೆಟ್. ಕಬ್ಬಿಣ ಆದ್ದರಿಂದ ಒಳಗಿನ ಒತ್ತಡ ತಡೆದುಕೊಂಡು ದೂರ ಹೋಗುತ್ತಿತ್ತು. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಸೋತರು. ಅವರ ಮದ್ದಿನ ಬಂಡಿಗಳೇ ಸಿಡಿದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ರಾಕೆಟ್‌ಗಳು ಅವರ ಕೈಗೆ ಸಿಕ್ಕವು. ಅದನ್ನೇ ನೋಡಿ ಕಾಂಗ್ರೀವ್ ಎಂಬಾತ ಲಂಡನ್ನಿನಲ್ಲಿ ರಾಕೆಟ್ ಮಾಡಿದ. 1807ರಲ್ಲಿ ಅವು ಕೋಪನ್‌ಹೇಗನ್ ಎಂಬ ಊರನ್ನು ಸುಟ್ಟವು. ಆ ಊರಿನ ತಾಯಂದಿರಿಗೆ ಮೈಸೂರು ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿ ಅಗೆದಾಗ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಬಾವಿಯ ಕೆಸರಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ.