ಪಾಸ್ ಬಟನ್ ಒತ್ತುವ ಹೊತ್ತು: ಮಕ್ಕಳ ಜೊತೆ ಚರಿತ್ರೆಯ ಆಡಿಯೋ ನಾಟಕ

(ವಿಡಿಯೋದಲ್ಲಿ ಆಡಿದ ಮಾತನ್ನೇ ಬರಹಕ್ಕೆ ಇಳಿಸಿದ್ದು. ಅಲ್ಲಲ್ಲಿ ತುಸು ತಿದ್ದಿದೆ. ಬಾಯಿಮಾತು ಹಾಗೇ ಉಳಿದಿದೆ.)

ಹಿಂದೆ ಕುಕ್ಕರ್ ಸದ್ದು ಕೇಳಿದ್ರೆ ಕ್ಷಮಿಸಿ, ಐರೋಲಿಯ ಎರಡು ಬೆಡ್‌ರೂಮಿನ ಫ್ಲ್ಯಾಟು, ಸ್ಟುಡಿಯೋ ಅಲ್ಲ. ಕಳೆದ ಸಲ ಮಕ್ಕಳ ಸ್ಕ್ರೀನ್ ಟೈಮ್ ಬಗ್ಗೆ ಮಾತಾಡಿದಾಗ ಕೆಲವರು ಕೇಳಿದ್ರಿ: "ಸ್ಕ್ರೀನ್ ಬೇಡ ಅಂದ್ರೆ ಮತ್ತೇನು ಕೊಡೋದು? ನಿಮ್ಮ ಮನೇಲಿ ಏನು ಮಾಡ್ತೀರಿ?" ನಮ್ಮ ಮನೇಲಿ ನಾಟಕ ಕೇಳ್ತೇವೆ. ನೋಡುವುದಲ್ಲ, ಕೇಳುವುದು. ಅದರಲ್ಲೂ ಚರಿತ್ರೆಯ ಕಥೆಗಳು. ಇವತ್ತು ಅದರ ಬಗ್ಗೆ. ಅದರಿಂದಾದ ಒಂದು ಎಡವಟ್ಟಿನ ಬಗ್ಗೆಯೂ ಹೇಳ್ತೇನೆ. ನಿಜ ಹೇಳಬೇಕಂದ್ರೆ ಅದನ್ನು ಹೇಳಲಿಕ್ಕೇ ಕೂತದ್ದು.

ಮೊದಲು ನಮ್ಮ ಪರಿಚಯ ಸ್ವಲ್ಪ ಬೇಕು, ಇಲ್ಲದಿದ್ರೆ ಮುಂದಿನದು ಅರ್ಥ ಆಗ್ಲಿಕ್ಕಿಲ್ಲ. ನಾನು ಮಂಗಳೂರಿನ ಬಾಸೆಲ್ ಮಿಷನ್ ಕಡೆಯವನು, ಪ್ರೊಟೆಸ್ಟೆಂಟ್. ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದವರು. ಹೆಂಡತಿ ಬಂಟ್ವಾಳ ಕಡೆಯ ಕೊಂಕಣಿ ಕ್ಯಾಥೊಲಿಕ್. ನಮ್ಮಿಬ್ಬರ ಮದುವೆಗೆ ಎರಡೂ ಕಡೆ ಮುಖ ಊದಿಸಿಕೊಂಡವರಿದ್ರು, ಅದು ಬೇರೆ ಕಥೆ. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ. ಮನೇಲಿ ಅಮ್ಮನ ಜೊತೆ ಕೊಂಕಣಿ. ಕನ್ನಡಕ್ಕೆ ಉಳಿದದ್ದು ನಾನೊಬ್ಬ. ನಾನು ಮನೆಗೆ ಬರುವಷ್ಟರಲ್ಲಿ ರಾತ್ರಿ ಎಂಟೂವರೆ.

ಈ ನಾಟಕದ ಹುಚ್ಚು ಶುರುವಾದದ್ದು ಮತ್ಸ್ಯಗಂಧ ರೈಲಲ್ಲಿ. ಕುರ್ಲಾದಿಂದ ಮಧ್ಯಾಹ್ನ ಹತ್ತಿದ್ರೆ ಮಂಗಳೂರು ಮುಟ್ಟುವುದು ಮರುದಿನ ಬೆಳಿಗ್ಗೆ. ಪನವೇಲ್ ದಾಟಿದ್ರೆ ನೆಟ್‌ವರ್ಕ್ ಬರ್ತದೆ, ಹೋಗ್ತದೆ. ರತ್ನಾಗಿರಿಗೆ ಮುಂಚೆ ಕರ್ಬುಡೆ ಸುರಂಗ ಉಂಟಲ್ಲ, ಆರೂವರೆ ಕಿಲೋಮೀಟರ್, ಅದರೊಳಗೆ ಹೊಕ್ಕರೆ ಯೂಟ್ಯೂಬು ತಣ್ಣಗೆ. ಮಗ ಅಳಲಿಕ್ಕೆ ಶುರು. ಒಬ್ಬ ಸ್ನೇಹಿತ ಹೇಳಿದ, ಆಡಿಯೋ ನಾಟಕ ಡೌನ್‌ಲೋಡ್ ಮಾಡಿಟ್ಕೊಳ್ಳಿ ಅಂತ. ಮಾಡಿದೆವು. ಸೈಡ್ ಲೋವರ್ ಸೀಟಲ್ಲಿ ಒಂದು ಪುಟ್ಟ ಸ್ಪೀಕರ್ ಮಧ್ಯದಲ್ಲಿಟ್ಟು, ನಾಲ್ಕು ತಲೆ ಅದರ ಮೇಲೆ ಬಗ್ಗಿಸಿ ಕೂತದ್ದು. ಸುರಂಗದ ಕತ್ತಲಲ್ಲಿ ಹಡಗಿನ ಹಾಯಿ ಪಟಪಟ ಹೊಡೆಯುವ ಸದ್ದು ಕೇಳಿದ್ರೆ ಮೈ ಜುಮ್ಮೆನ್ನುತ್ತದೆ ಮಾರಾಯ್ರೆ. ನಮಗೆ ಇದು ಹೊಸತಲ್ಲ ನೋಡಿ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದದ್ದು. ನಾನು ಚಿಕ್ಕವನಿರುವಾಗ ರಾತ್ರಿ ಊಟದ ಹೊತ್ತಿಗೆ ರೇಡಿಯೋ ನಾಟಕ ಅಂದ್ರೆ ಅಪ್ಪ ಸಾರು ಬಡಿಸುವುದಕ್ಕೂ ಬಿಡ್ತಿರಲಿಲ್ಲ, ಸೌಟಿನ ಸದ್ದು ಆಗ್ತದೆ ಅಂತ.

ಏನು ಕೇಳಿದೆವು ಅಂದ್ರೆ, ಕ್ರೈಸ್ತ ಕುಟುಂಬಗಳಿಗೆ ಅಂತಲೇ ಅಮೆರಿಕದವರು ಮಾಡುವ ನಾಟಕಗಳಿವೆ. ಫೋಕಸ್ ಆನ್ ದ ಫ್ಯಾಮಿಲಿಯವರ ರೇಡಿಯೋ ಥಿಯೇಟರ್ ಒಂದು. ಅವರ ನಾರ್ನಿಯ ಮಗನಿಗೆ ಬಾಯಿಪಾಠ. ಜರ್ಮನಿಯ ಪಾದ್ರಿ ಬೋನ್‌ಹೋಫರ್ ಬಗ್ಗೆ 1997ರಲ್ಲಿ ಮಾಡಿದ ನಾಟಕ ಇದೆ, ಅದನ್ನು ಚಿಕ್ಕವರಿಗೆ ಕೇಳಿಸಬೇಡಿ. ಹಿಟ್ಲರನನ್ನು ಕೊಲ್ಲುವ ಸಂಚಿನವರ ಜೊತೆ ಸೇರಿದ್ದಕ್ಕೆ 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದವರು ಅವರು. "ಪಾದ್ರಿ ಕೊಲೆಗೆ ಒಪ್ಪಬಹುದಾ ಪಪ್ಪಾ?" ಅಂತ ಮಗಳು ಕೇಳಿದ್ದಕ್ಕೆ ನಾನು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಇನ್ನೊಂದು ಹೇರ್ಲೂಮ್ ಆಡಿಯೋದವರದ್ದು. ಜಿ. ಎ. ಹೆಂಟಿ ಅಂತ ಒಬ್ಬ ಇಂಗ್ಲಿಷ್ ಲೇಖಕ, ಹುಡುಗರಿಗಾಗಿ ಚರಿತ್ರೆಯ ಸಾಹಸ ಕಾದಂಬರಿಗಳನ್ನು ರಾಶಿ ರಾಶಿ ಬರೆದವನು. ಅವನ ಕಥೆಗಳನ್ನು ಇವರು ನಾಟಕ ಮಾಡಿದ್ದಾರೆ: 'ಅಂಡರ್ ಡ್ರೇಕ್ಸ್ ಫ್ಲ್ಯಾಗ್', 'ಇನ್ ಫ್ರೀಡಮ್ಸ್ ಕಾಸ್', ಹೀಗೆ. ಧ್ವನಿಯ ಕೆಲಸ ಬಹಳ ಚಂದ, ಒಂದೊಂದು ಎರಡು ಗಂಟೆಯ ಮೇಲೆ. ಹೆಂಟಿ ಹುಟ್ಟಿದ್ದು 1832ರಲ್ಲಿ. ನಮ್ಮ ಕಿಟೆಲ್ ಹುಟ್ಟಿದ್ದೂ ಅದೇ ವರ್ಷ! ಒಬ್ಬ ಸಾಮ್ರಾಜ್ಯದ ಹುಡುಗರಿಗೆ ಕತ್ತಿ ವರಸೆ ಬರೆದ, ಇನ್ನೊಬ್ಬ ಸುಮಾರು 70,000 ಪದಗಳ ಕನ್ನಡ ನಿಘಂಟು ಮಾಡಿ 1894ರಲ್ಲಿ ಅಚ್ಚು ಹಾಕಿಸಿದ. ನನ್ನ ಮಕ್ಕಳಿಗೆ ಗೊತ್ತಿರುವುದು ಕತ್ತಿಯವನು.

ಡ್ರೇಕ್ ನಾಟಕ ಕೇಳುವಾಗಲೇ ನಾನು ಪಾಸ್ ಒತ್ತಲು ಕಲಿತದ್ದು. ಅದರಲ್ಲಿ ಇಂಗ್ಲಿಷರು ವೀರರು, ಸ್ಪೇನಿನವರು ದುಷ್ಟರು. ಡ್ರೇಕ್ ತಾರುಣ್ಯದಲ್ಲಿ ಹಾಕಿನ್ಸ್ ಜೊತೆ ಆಫ್ರಿಕದಿಂದ ಗುಲಾಮರನ್ನು ಹಿಡಿದು ಮಾರುವ ಹಡಗಿನಲ್ಲಿ ಹೋದವನು. ಪಾಸ್ ಒತ್ತಿ ಇದನ್ನು ಹೇಳಿದೆ. ಸ್ಪೇನಿನವರು ಅಂದ್ರೆ ಕ್ಯಾಥೊಲಿಕರು ಅಂತಲೂ ಹೇಳಿದೆ. ಹೆಂಡತಿ ನನ್ನನ್ನೇ ನೋಡ್ತಾ ಇದ್ದಳು. ಮಗ ಕೇಳಿದ, "ಹಾಗಾದ್ರೆ ಮಮ್ಮಿ ಬ್ಯಾಡ್ ಗೈಸ್ ಸೈಡಾ?" ನಕ್ಕೆವು. ಸುಲಭ ಇತ್ತು, ಯಾಕಂದ್ರೆ ಅದು ಎಲ್ಲೋ ದೂರದ ಜಗಳ.

ಈಗ ಎಡವಟ್ಟಿಗೆ ಬರ್ತೇನೆ.

ಮಗಳು ಹೆಂಟಿಯ ಪುಸ್ತಕಗಳ ಪಟ್ಟಿ ನೋಡಿದಳು. ಅದರಲ್ಲಿ 'ದ ಟೈಗರ್ ಆಫ್ ಮೈಸೂರ್', 1896ರದ್ದು. "ಪಪ್ಪಾ, ನಮ್ಮ ಊರಿಂದು!" ಅಂತ ಕುಣಿದಾಡಿದಳು. ಹಳೇ ಪುಸ್ತಕ, ಹಕ್ಕು ಮುಗಿದಿದೆ, ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ. ಪಾತ್ರ ಹಂಚಿಕೊಂಡು ನಾವೇ ನಾಟಕದ ಥರ ಓದೋಣ ಅಂದಳು. ನನ್ನ ಶರತ್ತು ಒಂದೇ: ಮಾತುಗಳು ಕನ್ನಡದಲ್ಲಿ ಬರಬೇಕು. ನಾನು ಓದ್ತಾ ಓದ್ತಾ ತಿರುಗಿಸಿ ಹೇಳ್ತೇನೆ, ನೀವು ಅದನ್ನೇ ಆಡಬೇಕು. ಕನ್ನಡ ಕಲಿಸಲಿಕ್ಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ ಅಂತ ನಾನು ಒಳಗೊಳಗೇ ಖುಷಿ. ಕಥೆಯಲ್ಲಿ ಡಿಕ್ ಅಂತ ಹುಡುಗ, ಟಿಪ್ಪುವಿನ ಸೆರೆಯಲ್ಲಿ ಇದ್ದಿರಬಹುದಾದ ಅಪ್ಪನನ್ನು ಹುಡುಕಿಕೊಂಡು ಇಂಗ್ಲೆಂಡಿಂದ ಬರುವವನು.

ಭಾನುವಾರ ಚರ್ಚ್ ಮುಗಿಸಿ ಬಂದು, ಕೋರಿ ರೊಟ್ಟಿ ಊಟ ಮುಗಿಸಿ ಶುರು ಮಾಡಿದೆವು. ನಾಲ್ಕನೇ ಮಹಡಿಯ ಹುಡುಗಿ, ಮಗಳ ಜೀವದ ಗೆಳತಿ, ಅವಳೂ ಬಂದಿದ್ದಳು. ಕಲಬುರಗಿ ಕಡೆಯ ಮುಸ್ಲಿಂ ಕುಟುಂಬ, ಅವಳಪ್ಪನೂ ನಮ್ಮ ಹಾಗೇ ಸಾಫ್ಟ್‌ವೇರು. ಮನೇಲಿ ದಖನಿ. ಕನ್ನಡ ಮಾತ್ರ ನನ್ನ ಮಕ್ಕಳಿಗಿಂತ ಎಷ್ಟೋ ಚಂದ. ಅವಳಿಗೇ ಡಿಕ್‌ನ ಪಾತ್ರ ಕೊಟ್ಟಿದ್ದೆವು.

ಟಿಪ್ಪುವಿನ ಕ್ರೌರ್ಯದ ವರ್ಣನೆ ಬಂತು. ಹೆಂಟಿಗೆ ಅಲ್ಲಿ ಲಗಾಮೇ ಇಲ್ಲ, ರಾಕ್ಷಸ ಅನ್ನುವ ಹಾಗೆ ಬರೀತಾನೆ. ನಾನು ಯಾವುದೋ ಹುಮ್ಮಸ್ಸಿನಲ್ಲಿ ಧ್ವನಿ ಏರಿಸಿ ಓದ್ತಾ ಇದ್ದೆ. ಆ ಹುಡುಗಿ ಮೆಲ್ಲಗೆ ಕೇಳಿದಳು, "ಅಂಕಲ್, ಇದು ಖರೇನಾ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆಯವರ ಧ್ವನಿ. ಅವರು ಊರಿಂದ ಬಂದಿದ್ರು. "ನಿಜವೇ. ನಮ್ಮವರನ್ನು ಹಿಡ್ಕೊಂಡು ಹೋದದ್ದು. ನಮ್ಮ ಇಗರ್ಜಿ ಬೀಳಿಸಿದ್ದು."

ಆಮೇಲೆ ಫ್ಯಾನಿನ ಸದ್ದು ಮಾತ್ರ.

ನಾನೇನು ಮಾಡಿದೆ ಗೊತ್ತಾ? ಫೋನ್ ಮಡಚಿಟ್ಟು, "ಸರಿ, ನಾರ್ನಿಯ ಹಾಕುವ" ಅಂದೆ. ಡ್ರೇಕ್ ಬಂದಾಗ ಪಾಸ್ ಒತ್ತಿ ಭಾಷಣ ಮಾಡಿದವನು, ಸ್ವಂತ ಊರಿನ ಕಥೆ ಬಂದಾಗ ಚಾನೆಲ್ಲೇ ಬದಲಾಯಿಸಿಬಿಟ್ಟೆ. ರಾತ್ರಿ ಮಗಳು ಅದನ್ನೇ ಮುಖಕ್ಕೆ ಹೇಳಿದಳು. ಮುಂದಿನ ಭಾನುವಾರ ಗೆಳತಿ ಬರಲಿಲ್ಲ. "ಟ್ಯೂಶನ್" ಅಂದಳಂತೆ. ಭಾನುವಾರ ಯಾವ ಟ್ಯೂಶನ್?

ಅತ್ತೆಯವರು ಹೇಳಿದ್ದು ಸುಳ್ಳಲ್ಲ. 1784ರ ಫೆಬ್ರವರಿ, ಬೂದಿ ಬುಧವಾರ. ಬ್ರಿಟಿಷರಿಗೆ ನೆರವಾದರು ಅನ್ನುವ ಆರೋಪದಲ್ಲಿ ಕರಾವಳಿಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಎಷ್ಟು ಸಾವಿರ ಅನ್ನುವ ಲೆಕ್ಕ ಒಬ್ಬೊಬ್ಬರದು ಒಂದೊಂದು. ಬದುಕಿ ಉಳಿದವರು ಬಿಡುಗಡೆಯಾದದ್ದು 1799ರ ಮೇ 4ರಂದು ಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷ. ಹೆಂಡತಿಯ ಮನೆಯಲ್ಲಿ ಇದು ಪಠ್ಯಪುಸ್ತಕದ ವಿಷಯವಲ್ಲ, ಹಿರಿಯಜ್ಜಿಯೊಬ್ಬಳು ಒಂದು ಮಗುವಿನ ಜೊತೆ ನಡೆದು ವಾಪಸ್ ಬಂದ ಕಥೆ. ನಮ್ಮ ಕಡೆಯವರು ಆಗ ಕ್ರೈಸ್ತರೇ ಅಲ್ಲ, ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದೇ 1834ರಲ್ಲಿ. ಹಾಗಾಗಿ ಈ ನೋವು ನನಗೆ ಮದುವೆಯಿಂದ ಬಂದದ್ದು.

ಅದೇ ಟಿಪ್ಪು 1791ರಲ್ಲಿ ಶೃಂಗೇರಿ ಮಠಕ್ಕೆ ನೆರವು ಕಳಿಸಿದವನು. ಮಠವನ್ನು ಲೂಟಿ ಮಾಡಿದ್ದು ಮರಾಠಾ ಸೈನ್ಯದ ಜೊತೆಗಿದ್ದ ದಾಳಿಕೋರರು. ಸ್ವಾಮಿಗಳಿಗೆ ಟಿಪ್ಪು ಬರೆಸಿದ ಪತ್ರಗಳು ಕನ್ನಡದಲ್ಲಿವೆ, 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಇದನ್ನು ಹೇಳಿದ್ದಕ್ಕೆ ಅತ್ತೆ ಅಂದ್ರು, "ಅದು ಮಠಕ್ಕೆ ಕೊಟ್ಟದ್ದಾಯ್ತು. ನಮಗೇನು ಕೊಟ್ಟ ಪುತಾ?" ಒಂದು ಒಳ್ಳೇದು, ಒಂದು ಕೆಟ್ಟದು ಅಂತ ತಕ್ಕಡಿಯಲ್ಲಿಟ್ಟು ಸರಿದೂಗಿಸಿ ಮಗಳ ಮುಂದೆ ಇಡಬೇಕು ಅಂತ ನಾನು ಲೆಕ್ಕ ಹಾಕಿದ್ದೆ. ಅತ್ತೆಯ ಆ ಒಂದು ಪ್ರಶ್ನೆಗೆ ತಕ್ಕಡಿ ಮುರಿಯಿತು.

ದಾರಿ ತೋರಿಸಿದ್ದು ಹೆಂಡತಿ, ಒಂದು ಡಬ್ಬಿ ಸುಕ್ರುಂಡೆ ಹಿಡಿದು ನಾಲ್ಕನೇ ಮಹಡಿಗೆ ಇಳಿದು ಹೋಗಿ. ಒಂದೂವರೆ ಗಂಟೆ ಆದ್ರೂ ಮೇಲೆ ಬರಲಿಲ್ಲ. ಬಂದವಳು ಹೇಳಿದ್ದಿಷ್ಟೇ: ಆ ಹುಡುಗಿಗೆ ಬೇಜಾರಾದದ್ದು ಟಿಪ್ಪುವನ್ನು ಬೈದದ್ದಕ್ಕಲ್ಲ. ಪ್ರಶ್ನೆ ಕೇಳಿದ್ದಕ್ಕೆ ಅಂಕಲ್ ಉತ್ತರ ಕೊಡದೆ ಮುಚ್ಚಿಟ್ಟದ್ದಕ್ಕೆ. ಶಾಲೆಯಲ್ಲೂ ಟಿಪ್ಪು ಹೆಸರು ಬಂದ್ರೆ ಎಲ್ಲರೂ ತನ್ನ ಮುಖ ನೋಡ್ತಾರೆ, ಇಲ್ಲಿ ಹಾಗಾಗುವುದಿಲ್ಲ ಅಂದ್ಕೊಂಡಿದ್ದೆ ಅಂದಳಂತೆ.

ಮೂರನೇ ಭಾನುವಾರ ಬಂದಳು. ನಾನು ಈ ಸಲ ತಯಾರಿ ಮಾಡ್ಕೊಂಡಿದ್ದೆ. ಗಿರೀಶ್ ಕಾರ್ನಾಡರು ಟಿಪ್ಪುವಿನ ಕನಸುಗಳ ಬಗ್ಗೆ ಬರೆದ ನಾಟಕ ನಿಮಗೆ ಗೊತ್ತಿರಬಹುದು. ಅದು ಮೊದಲು ರಂಗದ ಮೇಲೆ ಬಂದದ್ದಲ್ಲ. ಸ್ವಾತಂತ್ರ್ಯದ 50ನೇ ವರ್ಷಕ್ಕೆ, 1997ರಲ್ಲಿ, ಬಿಬಿಸಿಯವರು ಕೇಳಿ ಬರೆಸಿದ ರೇಡಿಯೋ ನಾಟಕ. ಕನ್ನಡಕ್ಕೆ ಬಂದದ್ದು ಆಮೇಲೆ. ಟಿಪ್ಪು ತನ್ನ ಕನಸುಗಳನ್ನು ಪಾರಸಿಯಲ್ಲಿ ಕೈಯಾರೆ ಬರೆದಿಟ್ಟಿದ್ದ, 37 ಕನಸು, ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಾಟಕದಲ್ಲಿ ಆ ಕಾಲವನ್ನು ನೆನೆಯುವುದು ಇಬ್ಬರು: ಆಸ್ಥಾನದ ಚರಿತ್ರೆಕಾರ ಕಿರ್ಮಾನಿ, ಮತ್ತು ಇಂಗ್ಲಿಷ್ ಕಡೆಯ ಮೆಕೆಂಝಿ. ಸೋತ ಕಡೆಯವನೂ ಗೆದ್ದ ಕಡೆಯವನೂ ಎದುರುಬದುರು ಕೂತು ಮಾತಾಡ್ತಾರೆ. ನನ್ನ ಮಗಳಿಗೆ ಅದು ಬಹಳ ಹಿಡಿಸಿತು. "ಇದರಲ್ಲಿ ಪಾಸ್ ಬಟನ್ ಒಳಗೇ ಇದೆ" ಅಂದಳು. ಆದರೆ ಕಾರ್ನಾಡರ ನಾಟಕದಲ್ಲಿ ಅತ್ತೆಯವರ ಕಥೆಗೆ ಜಾಗ ಇಲ್ಲ. ಅದು ನನ್ನ ದೂರು. ದೊಡ್ಡ ನಾಟಕಕಾರರು, ಆದ್ರೂ ದೂರೇ.

ಹಾಗಾಗಿ ನಮ್ಮದೇ ಒಂದು ಮಾಡೋಣ ಅಂತಾಯ್ತು. ಅತ್ತೆ ಕಥೆ ಹೇಳುವುದು, ಮಕ್ಕಳು ಅದನ್ನು ದೃಶ್ಯ ಮಾಡುವುದು, ಫೋನಲ್ಲಿ ರೆಕಾರ್ಡ್ ಮಾಡುವುದು. ಮೊದಲ ತಕರಾರು ಭಾಷೆಯದ್ದು. 1784ರ ಹೆಂಗಸು ಹೇಗೆ ಮಾತಾಡಬೇಕು? ಮಗಳು ಬೈಬಲ್ ಕನ್ನಡದಲ್ಲಿ ಬರೆದು ತಂದಿದ್ದಳು, ಎಲ್ಲರೂ "ಹೇಳಿದಳು, ಎದ್ದು ಹೊರಟಳು" ಅನ್ನುವ ಗಾಂಭೀರ್ಯದಲ್ಲಿ. ಅವಳಿಗೆ ಡೊರೊಥಿ ಸೇಯರ್ಸ್ ಕಥೆ ಹೇಳಿದೆ. 1941ರ ಡಿಸೆಂಬರಿಂದ ಬಿಬಿಸಿಯಲ್ಲಿ ಯೇಸುವಿನ ಬದುಕಿನ ಮೇಲೆ ಹನ್ನೆರಡು ನಾಟಕ ಬಂತು. ಅದರಲ್ಲಿ ಶಿಷ್ಯರು ಬೀದಿಯ ಇಂಗ್ಲಿಷ್ ಆಡ್ತಾರೆ ಅಂತ ಪ್ರಸಾರಕ್ಕೆ ಮೊದಲೇ ದೊಡ್ಡ ಗಲಾಟೆ, ನಿಲ್ಲಿಸಿ ಅಂತ ಪತ್ರಗಳ ಸುರಿಮಳೆ. ಆಮೇಲೆ ಜನ ಮನೆಮನೆಯಲ್ಲಿ ಕೂತು ಕೇಳಿದರು. ಮಗಳು ಎಲ್ಲ ಹೊಡೆದುಹಾಕಿ ಮತ್ತೆ ಬರೆದಳು. ಈಗ ನಮ್ಮ ಹಿರಿಯಜ್ಜಿ ಬಂಟ್ವಾಳದ ಮೀನು ಮಾರ್ಕೆಟಿನ ಕನ್ನಡ ಆಡ್ತಾಳೆ, ಸಿಟ್ಟು ಬಂದಾಗ ಕೊಂಕಣಿ.

ಗೆಳತಿ ಕೇಳಿದಳು, "ನಾ ಯಾರ ಪಾರ್ಟ್ ಮಾಡ್ಲಿ ಅಂಕಲ್?" ನಾನು ಯೋಚನೆ ಮಾಡ್ತಾ ಇದ್ದೆ, ಸೈನಿಕ ಅಂದ್ರೆ ತಪ್ಪು ತಿಳ್ಕೊಳ್ತಾಳಾ ಅಂತ. ಅತ್ತೆಯವರೇ ಹೇಳಿದರು: "ನೀನು ನನ್ನ ಹಿರಿಯಜ್ಜಿ ಆಗು. ನಿನ್ನ ಕನ್ನಡ ಸ್ಪಷ್ಟ ಇದೆ. ಇವಳು ಮಾತು ನುಂಗ್ತಾಳೆ." ಮಗಳಿಗೆ ಒಂದು ದಿನ ಮುನಿಸು. ಸೈನಿಕ ನಾನಾದೆ.

ಕೇಳಿದವರಿಗೆ ಎರಡು ಮಾತು. ನಾಟಕ ಒಬ್ಬೊಬ್ಬರೇ ಹೆಡ್‌ಫೋನಲ್ಲಿ ಕೇಳಬೇಡಿ, ಸ್ಪೀಕರಲ್ಲಿ ಹಾಕಿ, ಪಾಸ್ ಒತ್ತುವ ಹಕ್ಕು ಮಕ್ಕಳಿಗೂ ಇರಲಿ. ನಮ್ಮ ಮನೇಲಿ ಮಗ ಅದನ್ನು ಟಾಯ್ಲೆಟ್ಟಿಗೆ ಹೋಗಲಿಕ್ಕೇ ಹೆಚ್ಚು ಬಳಸ್ತಾನೆ, ಇರಲಿ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಕನ್ನಡ ನಾಟಕ ಇದ್ದಾಗ ಕರ್ಕೊಂಡು ಹೋಗಿ, 1926ರಿಂದ ಇರುವ ಸಂಸ್ಥೆ ಅದು. ಮಕ್ಕಳ ಕಿವಿಗೆ ನಮ್ಮೊಬ್ಬರ ಧ್ವನಿ ಬಿಟ್ಟು ಬೇರೆ ಕನ್ನಡವೂ ಬೀಳಲಿ.

ನಮ್ಮ ನಾಟಕ ಇನ್ನೂ ಮುಗಿದಿಲ್ಲ. ಎಂಟು ನಿಮಿಷ ಆಗಿದೆ. ಕುದುರೆ ಓಟಕ್ಕೆ ತೆಂಗಿನ ಗೆರಟೆ ಸಾಕಾಯ್ತು, ಅದು ಹಳೇ ರೇಡಿಯೋ ಉಪಾಯ. ಈಗ ಬಾಕಿ ಇರುವುದು ಕಾವೇರಿ ದಾಟುವ ದೃಶ್ಯ. ನೀರಿನ ಸದ್ದು ಬೇಕು, ಬಕೆಟು ಬೇಕು. ಆದರೆ ನಮ್ಮ ಬಿಲ್ಡಿಂಗಿನಲ್ಲಿ ನೀರು ಬಿಡುವುದು ಬೆಳಿಗ್ಗೆ ಆರರಿಂದ ಏಳು. ಹಾಗಾಗಿ ಬರುವ ಶನಿವಾರ ಬೆಳಿಗ್ಗೆ ಆರಕ್ಕೆ ಆ ಹುಡುಗಿ ನಮ್ಮ ಬಾತ್‌ರೂಮಿನಲ್ಲಿ ನಿಂತು ಕಾವೇರಿ ದಾಟಬೇಕು. ಅವಳಮ್ಮ ಒಪ್ಪಿದ್ದಾರೆ, ಅಲಾರಂ ಇಡುವ ಜವಾಬ್ದಾರಿ ನನ್ನದು.